ಬಿಸ್ಮಿಲ್ಲಾ ಬಿ ಬೀಳಿಸಿದ ಬೀಡಿಗಳು

೧೯೩೮ರ ಬೇಸಗೆಯಲ್ಲಿ ಯಲ್ಲಾಪುರಕ್ಕೆ ಕತ್ತು ಸೆಟೆಯುವ ಜ್ವರ ಬಂದಾಗ ಎಲ್ಲರಿಗಿಂತ ಹೆಚ್ಚು ಬೈಗುಳ ತಿಂದವರು ಬಂಡಿಕಾರರು. ಬೈದವಳು ಬಿಸ್ಮಿಲ್ಲಾ ಬಿ. ಬಂಡಿಗಳು ತಂಗುವ ಬಯಲಿನ ಪಕ್ಕದಲ್ಲಿ ಅವಳ ಚಹಾದಂಗಡಿ, ಅದರ ಹಿಂದೆ ಬಂಡಿಕಾರರು ಮಲಗುವ ಕೊಟ್ಟಿಗೆ.

ಜ್ವರ ಯಾವ ದಾರಿಯಿಂದ ಬರುತ್ತದೆಂದು ಸರ್ಕಾರಿ ಡಾಕ್ಟರು ಹೇಳಿಹೋಗಿದ್ದರು: ಕಿಟಕಿ ಮುಚ್ಚಿ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುವುದು, ಒಂದೇ ಲೋಟದಲ್ಲಿ ಕುಡಿಯುವುದು, ಒಂದು ಬೀಡಿಯನ್ನು ನಾಲ್ಕು ಬಾಯಿಗೆ ದಾಟಿಸುವುದು. ಅಷ್ಟನ್ನೂ ಬಿಟ್ಟರೆ ಬಂಡಿಕಾರನ ಬದುಕಿನಲ್ಲಿ ಉಳಿಯುವುದು ಎತ್ತು ಮಾತ್ರ. ಆದರೂ ಅವಳು ಬಿಡಲಿಲ್ಲ. ಕೊಟ್ಟಿಗೆಯ ಬಾಗಿಲನ್ನೇ ಕೀಳಿಸಿದಳು. ಹತ್ತು ಜನರಲ್ಲಿ ಆರು ಜನರನ್ನು ಬಂಡಿಯ ಕೆಳಗೆ ಮಲಗಲು ಅಟ್ಟಿದಳು. ಕತ್ತು ಬಗ್ಗದಿದ್ದರೆ ಜ್ವರ ಹಿಡಿದಿದೆಯೆಂದು ಡಾಕ್ಟರು ಹೇಳಿದ್ದರಿಂದ, ಬೆಳಿಗ್ಗೆ ಗದ್ದವನ್ನು ಎದೆಗೆ ಮುಟ್ಟಿಸಿ ತೋರಿಸಿದವನಿಗಷ್ಟೇ ಚಹಾ. ಚಂದಗುಳಿಯ ಕೆರಿಯಪ್ಪನಂಥ ಹುರಿಮೀಸೆಯವನೂ ಅವಳ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ.

ನಿಲ್ಲದವನು ಒಬ್ಬನೇ, ಅವಳ ತಮ್ಮ ಗನಿ. ಅವಳಿಗೆ ತನ್ನವನೆಂದು ಉಳಿದವನೂ ಅವನೊಬ್ಬನೇ.

"ಆಪಾ, ನಮಾಜಿನಾಗೆ ಬಿಟ್ರೆ ಬೇರೆಲ್ಲೂ ನಾ ತಲೆ ಬಗ್ಸೂದಿಲ್ಲ" ಎಂದ. ನಮಾಜಿಗೂ ಅವನು ಹಬ್ಬಕ್ಕೊಮ್ಮೆ ಹೋಗುವವನು.

ಬಿಸ್ಮಿಲ್ಲಾ ಬಿ ಜಗಳಕ್ಕೆ ಹೋಗಲಿಲ್ಲ. ಮರುದಿನದಿಂದ ಚಹಾ ಕೊಡುವಾಗ ಅವನ ಕಾಲ ಬಳಿ ಒಂದು ಬೀಡಿ ಬೀಳಿಸತೊಡಗಿದಳು. ಗನಿ ಕತ್ತು ಬಗ್ಗಿಸಿ ನೋಡಿ, ಹೆಕ್ಕಿ, ಕಿವಿಗೆ ಸಿಕ್ಕಿಸಿಕೊಳ್ಳುವನು. ಅವಳು ನಿರಾಳವಾಗಿ ಉಸಿರು ಬಿಡುವಳು.

ಹದಿನಾಲ್ಕನೆಯ ಬೆಳಿಗ್ಗೆ ಬೀಡಿ ಬಿದ್ದಲ್ಲೇ ಉಳಿಯಿತು. ಗನಿ ಬೆಳಕಿಗೆ ಕಣ್ಣು ಮುಚ್ಚಿ ಕಂಬದ ಹಾಗೆ ನಿಂತಿದ್ದ.

"ಬೀಡಿ ಬಿತ್ತು ನೋಡೋ."

"ಇರ್ಲಿ."

ಪುಕ್ಕಟೆ ಬೀಡಿಗೆ ಗನಿ 'ಇರ್ಲಿ' ಎಂದದ್ದನ್ನು ಯಲ್ಲಾಪುರ ಎಂದೂ ಕೇಳಿರಲಿಲ್ಲ. ಬಿಸ್ಮಿಲ್ಲಾ ಬಿ ಹೆದರಿದಳು. ಕೂಡಲೇ ಕೆರಿಯಪ್ಪನ ಬಂಡಿಯ ಹೇರನ್ನೆಲ್ಲ ಕೆಳಗಿಳಿಸಿ, ತಮ್ಮನನ್ನು ಮಲಗಿಸಿ, ಆಸ್ಪತ್ರೆಗೆ ಹೊಡೆಸಿದಳು. ಡಾಕ್ಟರು ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು, ಆಗಷ್ಟೇ ಬಂದಿದ್ದ ಹೊಸ ಮಾತ್ರೆ ಕೊಟ್ಟರು. ಒಂದು ದಿನ ತಡವಾಗಿದ್ದರೂ ಕೈಮೀರುತ್ತಿತ್ತು ಎಂದರು.

ಮೂರು ವಾರದ ಮೇಲೆ ಗನಿ ಕೋಲೂರಿಕೊಂಡು ಅಂಗಡಿಗೆ ಬಂದ. ಬಿಸ್ಮಿಲ್ಲಾ ಬಿ ಚಹಾ ಕೊಟ್ಟಳು. ಅಭ್ಯಾಸಬಲದಿಂದ ಬೀಡಿಯೂ ಬಿತ್ತು. ಅವನು ಅದನ್ನು ಹೆಕ್ಕಲಿಲ್ಲ. ನಿಧಾನವಾಗಿ ಗದ್ದವನ್ನು ಎದೆಗೆ ಮುಟ್ಟಿಸಿ ಹಾಗೇ ನಿಂತ.

"ಸರಿಯಾಗಿ ನೋಡ್ಕೋ ಆಪಾ. ದಿನಾ ಬೀಡಿ ಬೀಳ್ಸೋ ಅಷ್ಟು ಕೈಸೋತ ಮುದುಕಿ ನೀ ಅಲ್ಲ ಅಂತ ನಂಗೆ ಮೊದ್ಲ ದಿನಾನೇ ಗೊತ್ತಿತ್ತು."

ಅವಳು ಅಳುತ್ತಲೇ ಬಗ್ಗಿ, ಬೀಡಿಯನ್ನು ತಾನೇ ಹೆಕ್ಕಿ ಡಬ್ಬಿಗೆ ಹಾಕಿದಳು.