ಹಳೆಯ ಡ್ರೈವರಿನ ಪರವಾಗಿ ಮಾತಾಡಬೇಕಾದವರು

ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಟಪಾಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟದ್ದು ಯಾರ ಶಿಫಾರಸಿನಿಂದಲೂ ಅಲ್ಲ, ದುಡಿದು. ಆಫೀಸಿನವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರುಗಳನ್ನು ತಂದು, ಬಿಚ್ಚಿ, ಧೂಳು ಊದಿ, ಯಾರು ಬೇಕಾದರೂ ತಿದ್ದಬಹುದಾದ ಓಪನ್ ಸೋರ್ಸ್ ಸಿಸ್ಟಮ್ ಹಾಕಿ ಕೊಡುತ್ತೇನೆ. ಕೆಮ್ಮಣ್ಣು ಊರಿನ ಶಾಲೆ, ಕಾಪುವಿನ ಝೆರಾಕ್ಸ್ ಅಂಗಡಿ, ಕಾರ್ಕಳದ ಲೈಬ್ರರಿ ಎಲ್ಲ ಕಡೆ ಅವು ಓಡುತ್ತವೆ. ಕೊಡುವಾಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ: ಕರೆಂಟ್ ಹೋಗಿ ಬಂದರೂ ನೆಟ್ ತಾನಾಗಿ ಬರುತ್ತದೆ, ನೀವು ಎಂತದೂ ಮುಟ್ಟುವುದು ಬೇಡ.

ಆ ಮಾತು ನಿಂತದ್ದು ಒಂದು ಡ್ರೈವರಿನ ಮೇಲೆ. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಸಣ್ಣ ಪ್ರೋಗ್ರಾಮ್ ಅದು. ನನ್ನ ಕಂಪ್ಯೂಟರುಗಳ ಕಾರ್ಡಿಗೆ ಆ ಸಿಸ್ಟಮ್‌ನಲ್ಲಿ ಎರಡು ಡ್ರೈವರ್ ಇದ್ದವು, ಹಳೆಯದೊಂದು, ಹೊಸದೊಂದು. ನಾನು ಹಾಕುತ್ತಿದ್ದದ್ದು ಹಳೆಯದು. ಒಂದನ್ನು ಮಾತ್ರ ಇಟ್ಟುಕೊಳ್ಳುವ ಮಾತು ಬಂದಾಗ ನನಗೆ ತಿಳಿಸಿದವರು ಮಣಿಪಾಲದ ನನ್ನ ಗೆಳೆಯರೊಬ್ಬರು. ಅಲ್ಲಿ ಪಾಠ ಮಾಡುವವರು, ಆ ಸಿಸ್ಟಮ್ ನೋಡಿಕೊಳ್ಳುವ ಗುಂಪಿನಲ್ಲಿ ಒಬ್ಬರು. ಶನಿವಾರ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಚಾ ಕುಡಿಯುವಷ್ಟು ಬಳಕೆ.

"ಎರಡನ್ನೂ ನೋಡಿ ಹೇಳಿ ಮಾರಾಯ್ರೆ" ಎಂದರು. ನೋಡಿದೆ. ಹೊಸದು ವೇಗ, ಸುಳ್ಳು ಹೇಳಬಾರದು. ಆದರೆ ಕರೆಂಟ್ ಹೋಗಿ ಬಂದ ಹಾಗೆ ಮೈನ್ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕಾರ್ಡ್ ಏಳುವುದಿಲ್ಲ. ಪ್ಲಗ್ ಕಿತ್ತು, ಸ್ವಲ್ಪ ಬಿಟ್ಟು ಮತ್ತೆ ಹಾಕಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೇಗೆ ಎಂದು ಹೇಳಬೇಕೇ? ಅವರಿಗೂ ಇದನ್ನೇ ಹೇಳಿದೆ.

"ನಿಮ್ಮ ಹಳೆಯದಕ್ಕೆ ಪೆನ್ಶನ್ ಕೊಡುವ ಅಂದರೆ ನೀವು ಬಿಡುವುದಿಲ್ಲ ಅಲ್ವಾ?"

"ದುಡಿಯುವವನಿಗೆ ಎಂತ ಪೆನ್ಶನ್?"

ನಕ್ಕರು. "ಅದು ಉಳಿಯಬೇಕಾದರೆ ನೋಡಿಕೊಳ್ಳುತ್ತೇನೆ ಅಂತ ಒಬ್ಬರು ಹೆಸರು ಕೊಡಬೇಕು. ನಾನು ಕೊಡುತ್ತೇನೆ. ಕೋಡ್ ನನ್ನದು, ಪರೀಕ್ಷೆ ನಿಮ್ಮದು. ಕರೆಂಟಿನ ವಿಷಯವೂ ನಾನೇ ಹೇಳುತ್ತೇನೆ. ಮೀಟಿಂಗಿಗೆ ನೀವು ಬಂದು ಕೂತರೆ ಸಾಕು."

ಅಂಗಡಿಗೆ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಣಿಪಾಲಕ್ಕೆ ಹೋದೆ. ಹೊಸದನ್ನು ಬರೆದವರು ದೂರದ ಊರಿನಿಂದ ಪರದೆಯ ಮೇಲೆ ಬಂದಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ, ಆದರೂ ಹಳೆಯದನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದ್ದು ನನಗೆ ಅರ್ಥವಾಯಿತು. ನನ್ನ ಗೆಳೆಯರು ಮೊಬೈಲ್ ನೋಡುತ್ತಿದ್ದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಅವರ ಮುಖವನ್ನೇ ನೋಡಿದೆ. ನಮ್ಮ ಕಡೆ ಒಬ್ಬರಿಗೆ ಮಾತು ಒಪ್ಪಿಸಿದ ಮೇಲೆ ನಡುವೆ ಬಾಯಿ ಹಾಕುವ ಕ್ರಮ ಇಲ್ಲ. ಮದುವೆ ನಿಶ್ಚಯದಲ್ಲಿ ಸೋದರಮಾವ ಮಾತಿಗೆ ಕೂತರೆ ಹೆತ್ತ ಅಪ್ಪನೂ ಸುಮ್ಮನಿರುತ್ತಾನೆ. ನಾನೂ ಹಾಗೆ ಕೂತೆ. ಕೊನೆಗೆ ಅವರು ತಲೆ ಎತ್ತಿ, ಹೊಸದೊಂದೇ ಸಾಕು, ಹಳೆಯದನ್ನು ಬಳಸುವವರು ಹೆಚ್ಚು ಯಾರೂ ಇಲ್ಲ ಎಂದರು. ಬಳಸುವವನು ನಾನು, ಅವರ ಪಕ್ಕದ ಕುರ್ಚಿಯಲ್ಲೇ ಇದ್ದೆ.

ಹೊರಗೆ ಮೆಟ್ಟಿಲ ಹತ್ತಿರ ಹಿಡಿದು ಕೇಳಿದೆ, "ಎಂತ ಇದು?"

"ಬೇಸರ ಮಾಡಬೇಡಿ. ಹೊಸದು ಬರೆದವರೊಟ್ಟಿಗೆ ನನಗೆ ಇನ್ನೂ ಕೆಲಸ ಉಂಟು. ಅವರ ಎದುರು ಹೇಗೆ ಹೇಳುವುದು?"

"ಹೆಸರು ಕೊಡುವುದು ಬಿಡಿ. ಕರೆಂಟಿನ ವಿಷಯವಾದರೂ?"

"ನೀವೂ ಅಲ್ಲೇ ಇದ್ದಿರಲ್ಲ. ಹೇಳಬಹುದಿತ್ತು."

ಹೊಸದೊಂದೇ ಉಳಿದದ್ದಕ್ಕೆ ಆಮೇಲೆ ನಾನು ಸಿಟ್ಟು ಮಾಡಿದ್ದಿಲ್ಲ. ಗುಂಪಿಗೆ ಅದೇ ಸರಿ ಕಂಡಿರಬಹುದು. ಆದರೆ ಆ ಕೊನೆಯ ಮಾತು ಮಾತ್ರ ಇಳಿಯಲಿಲ್ಲ. ಶನಿವಾರದ ಬೆಂಚಿನ ಮೇಲೆ ಈಗ ಹಳೆಯ ಮಾನಿಟರುಗಳನ್ನು ಪೇರಿಸಿಟ್ಟಿದ್ದೇನೆ.

ಸಿಸ್ಟಮ್‌ನ ಹೊಸ ಆವೃತ್ತಿ ಬಂತು, ಹಳೆಯ ಡ್ರೈವರ್ ಅದರಲ್ಲಿಲ್ಲ. ಹಾಕದೆ ಬಿಟ್ಟರೆ ಬ್ಯಾಂಕಿನದು, ಸರಕಾರದ್ದು ಯಾವ ವೆಬ್‌ಸೈಟೂ ಸರಿಯಾಗಿ ತೆರೆಯುವುದಿಲ್ಲ, ಅದಕ್ಕೆ ಎಲ್ಲ ಕಡೆ ಹಾಕಿದೆ. ಮೊದಲ ಗುಡುಗಿಗೇ ಕೆಮ್ಮಣ್ಣಿನ ಶಾಲೆಯಿಂದ ಫೋನ್ ಬಂತು, ಕರೆಂಟ್ ಬಂದರೂ ನೆಟ್ ಬರಲಿಲ್ಲ ಅಂತ. ಹೋಗಿ, ಪ್ಲಗ್ ಕಿತ್ತು ಹಾಕುವುದನ್ನು ಟೀಚರಿಗೆ ತೋರಿಸಿದೆ. ಅವರು ಒಳ್ಳೆಯವರು, ಚುಚ್ಚಲು ಕೇಳಿದ್ದಲ್ಲ.

"ಎಂತದೂ ಮುಟ್ಟುವುದು ಬೇಡ ಅಂತ ನೀವೇ ಹೇಳಿದ್ದಲ್ವಾ?"

ಮಣಿಪಾಲದ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು.

"ಹೌದು ಟೀಚರೇ, ನಾನೇ ಹೇಳಿದ್ದು" ಎಂದು, ಪಕ್ಕದ ಕಂಪ್ಯೂಟರಿನ ಪ್ಲಗ್ ಕೀಳಲು ಮೇಜಿನ ಅಡಿಗೆ ಬಗ್ಗಿದೆ.