ಕಂಕಣ ಕಟ್ಟಿದ ಜೀಪು

ಮಿಲಿಟರಿಯವರ ಹರಾಜಿನಲ್ಲಿ ನಾನು ಹಳೇ ಜೀಪು ಕೊಂಡಾಗ ಬೀದಿಯವರೆಲ್ಲ ನನಗೆ ಶೋಕಿ ಹತ್ತಿತು ಎಂದುಕೊಂಡರು. ಎಲ್ಲಿಯ ಶೋಕಿ! ವಾರವೆಲ್ಲ ಅಕ್ಕಿ ಮಂಡಿಯಲ್ಲಿ ನಿಂತು ಕಾಲು ಸೋತು, ಭಾನುವಾರವಾದರೂ ಮುಸುಕೆಳೆದು ಮಲಗೋಣ ಎನ್ನುವವನು ನಾನು. ಜೀಪು ಬೇಕಾಗಿದ್ದುದು ತಂಗಿಗೆ. ಅವಳನ್ನು ಕೊಟ್ಟ ಊರು ನಂಜನಗೂಡಿನ ಆಚೆ, ಎರೆಮಣ್ಣಿನ ಸೀಮೆ. ಮಳೆ ಬಿದ್ದರೆ ಆ ದಾರಿಯಲ್ಲಿ ಬಸ್ಸಿರಲಿ, ಎತ್ತೂ ಕಾಲು ಕೀಳದು. ಅಕ್ಕನನ್ನೂ ಅದೇ ಊರಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಬರುವಾಗ ಗಾಡಿ ಹೂತುಕೊಂಡು, ಅವಳು ಆ ಕೆಸರಿನಲ್ಲೇ ತೀರಿಕೊಂಡಿದ್ದಳು. ಈಗ ತಂಗಿ ಬಸುರಿ.

ಆಯುಧಪೂಜೆಯ ದಿನ ಅವ್ವ ಜೀಪಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಅಷ್ಟಕ್ಕೇ ಬಿಡದೆ ಅರಿಶಿನದ ಕೊಂಬು ಕಟ್ಟಿದ ದಾರ ತಂದಳು. ಗೇರ್ ಕಡ್ಡಿಯ ಪಕ್ಕದಲ್ಲಿ ಇನ್ನೆರಡು ಕುಳ್ಳ ಕಡ್ಡಿಗಳಿದ್ದವು. ಅವನ್ನು ನಾನು ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಎರಡನ್ನೂ ಸೇರಿಸಿ ಬಿಗಿಯಾಗಿ ಕಂಕಣ ಕಟ್ಟಿಬಿಟ್ಟಳು.

“ಮಗಳಿಗೆ ಸುಸೂತ್ರವಾಗಿ ಎರಿಗೆ ಆಗೋಗಂಟ ಇದನ್ನ ಯಾರೂ ಬಿಚ್ಚಕೂಡ್ದು. ಚಾಮುಂಡವ್ವನಿಗೆ ಅರಕೆ ಕಟ್ಕೊಂಡಿವ್ನಿ” ಎಂದಳು.

ಬರ್ಮಾದಲ್ಲಿ ಮಿಲಿಟರಿ ಟ್ರಕ್ಕು ಓಡಿಸಿ ಬಂದಿದ್ದ ನನ್ನ ಸೋದರಮಾವ ಹಣೆ ಚಚ್ಚಿಕೊಂಡ. “ಅದು ಮುಂದಿನ ಚಕ್ರಕ್ಕೂ ಇಂಜಿನ್ ಬಲ ಕೊಡೋ ಕಡ್ಡಿ ಕಣಕ್ಕ! ಅದನ್ನೇ ಕಟ್ಟಾಕ್ಬುಟ್ರೆ ಕೆಸರಲ್ಲಿ ಎಂಗೆ ಓಡ್ಸಾನು?”

“ನಾಕು ಚಕ್ರನೂ ಉರುಳ್ತಾವಲ್ಲೋ, ಇನ್ನೇನ್ ಬೇಕು ನಿಮಗೆ?”

ಮಾವ ಭಾನುವಾರ ಭಾನುವಾರ ಅಶೋಕಪುರಂ ಆಚೆಯ ಬಯಲಿಗೆ ನನ್ನನ್ನು ಎಳೆದುಕೊಂಡು ಹೋದ. ಹಳ್ಳಕ್ಕೆ ಇಳಿಯುವ ಮೊದಲು ನಾನೇ ಇಳಿದು ನಡೆದು ನೋಡಬೇಕು. ಹೂತುಕೊಂಡರೆ ಸುಮ್ಮನೆ ರೇಸ್ ಕೊಡಬಾರದು. “ಸ್ಟೇರಿಂಗಿನ ಒಳಗೆ ಎಬ್ಬೆರಳು ತೂರಿಸಬ್ಯಾಡ ಕಣ್ಲಾ, ಚಕ್ರ ಕಲ್ಲಿಗೆ ಒಡೆದ್ರೆ ಮುರ್ದೋಯ್ತದೆ” ಎಂದು ಕಿರುಚುತ್ತಿದ್ದ. ಕಂಕಣದ ಕಡ್ಡಿಗಳ ಪಾಠವನ್ನು ಮಾತ್ರ ಬಾಯಲ್ಲೇ ಹೇಳಿಕೊಟ್ಟ. ಹಿಂದಿನ ಎರಡೇ ಚಕ್ರದ ಬಲ, ಒದ್ದೆ ನೆಲ; ಪ್ರತಿ ಸಲವೂ ಹೂತುಕೊಳ್ಳುವುದು, ಗುದ್ದಲಿ ಹಿಡಿದು ಅಗೆಯುವುದು. ಸೊಂಟ ಬಿದ್ದುಹೋಯಿತು. ಮನೆಗೆ ಬಂದರೆ ಅವ್ವ ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಕಂಕಣದ ಗಂಟನ್ನು. ಅದನ್ನು ಕಿತ್ತೆಸೆಯಬೇಕು ಅನ್ನಿಸುತ್ತಿತ್ತು. ಆದರೆ ಹೆತ್ತ ಮಗಳನ್ನು ಕಳೆದುಕೊಂಡವಳ ಹತ್ತಿರ ಜಗಳಕ್ಕೆ ನಿಲ್ಲುವ ತ್ರಾಣ ನನ್ನಲ್ಲಿರಲಿಲ್ಲ.

ತಂಗಿಯ ಅತ್ತೆ ಮನೆಯವರು ಒಳ್ಳೆಯ ದಿನ ನೋಡುತ್ತ ಕೂತು, ಒಂಬತ್ತು ತುಂಬಿದ ಮೇಲೆ ಹೇಳಿಕಳಿಸಿದರು. ಅವ್ವನನ್ನು ಕೂರಿಸಿಕೊಂಡು ಹೋಗುವಾಗ ದಾರಿ ಒಣಗಿತ್ತು. ತಂಗಿಯನ್ನು ಹತ್ತಿಸಿಕೊಂಡು ಹೊರಟ ಮೇಲೆ ಮಳೆ ಹಿಡಿಯಿತು, ಅವಳಿಗೆ ನೋವೂ ಹಿಡಿಯಿತು. ಊರಾಚೆಯ ಹಳ್ಳದಲ್ಲಿ ಜೀಪು ಕೂತುಬಿಟ್ಟಿತು. ಗುದ್ದಲಿ ಹಿಡಿದು ಎಷ್ಟು ಅಗೆದರೂ ಮಣ್ಣು ಮತ್ತೆ ಮತ್ತೆ ಬಂದು ಚಕ್ರವನ್ನು ಕಚ್ಚಿಕೊಳ್ಳುತ್ತಿತ್ತು.

“ಇದೇ ಜಾಗ ಕಣಪ್ಪಾ” ಎಂದಳು ಅವ್ವ, ಹಿಂದಿನ ಸೀಟಿನಿಂದ.

ನಾನು ಸೀಟಿಗೆ ಬಂದು ಕೂತೆ. “ಬಿಚ್ಲೇನವ್ವಾ?”

ತಂಗಿ ಚೀರಿದಳು. ಅವ್ವ ಮುಂದಕ್ಕೆ ಬಾಗಿ ಗಂಟಿಗೆ ಕೈ ಹಾಕಿದಳು. ನೆನೆದ ದಾರ ಸಡಿಲವಾಗಲಿಲ್ಲ. ಹಲ್ಲಿನಿಂದ ಕಚ್ಚಿ ಕಿತ್ತು, ಅದೇ ದಾರವನ್ನು ತಂಗಿಯ ಕೈಗೆ ಕಟ್ಟಿದಳು.

“ಎಳಿ” ಎಂದಳು.

ಮಾವ ಹೇಳಿಕೊಟ್ಟಿದ್ದಂತೆ ಎರಡೂ ಕಡ್ಡಿಗಳನ್ನು ಹಾಕಿ ನಿಧಾನವಾಗಿ ಕ್ಲಚ್ ಬಿಟ್ಟೆ. ಮುಂದಿನ ಚಕ್ರಗಳು ಮಣ್ಣು ಹಿಡಿದವು. ಜೀಪು ಒಮ್ಮೆ ನರಳಿ ದಡ ಹತ್ತಿತು.

ಸಂಜೆಯೊಳಗೆ ಮೈಸೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೆಸರು ಕಾಲಿನಲ್ಲೇ ಗೋಡೆಗೊರಗಿ ಕೂತಿದ್ದೆ. ಅವ್ವ ಬಂದು ಪಕ್ಕದಲ್ಲಿ ಕೂತು, ಜೀಪನ್ನೇ ನೋಡುತ್ತಿದ್ದಳು.

“ಆವತ್ತು ಆ ಎತ್ತಿನ ಗಾಡಿಗೂ ಇಂತಾದೊಂದು ಕಡ್ಡಿ ಇದ್ದಿದ್ರೆ, ನಿಮ್ಮಕ್ಕ ಬದುಕ್ಕೊತಿದ್ಲೇನ್ಲಾ?”

“ಏಳವ್ವ, ಮನೆಗೆ ಹೋಗಾನ” ಎಂದೆ. ಇಬ್ಬರೂ ಏಳಲಿಲ್ಲ.