ಕೆಮ್ಮಿನ ಮಾತ್ರೆ

ಟೇಪ್ ರೆಕಾರ್ಡರಿಗೆ ಶಿಸ್ತೆಂಬುದಿಲ್ಲ. ಹಾಡು ಕೇಳಿಸಿಕೋ ಎಂದು ಗುಂಡಿ ಒತ್ತಿದರೆ ಚಹದ ಬಸಿಯ ಸಪ್ಪಳ, ಬಾಗಿಲ ಕಿರ್ರೆನ್ನುವ ಸದ್ದು, ಬೀದಿಯ ಬಸ್ಸಿನ ಹಾರ್ನು ಎಲ್ಲವನ್ನೂ ಅಷ್ಟೇ ಶ್ರದ್ಧೆಯಿಂದ ನುಂಗುತ್ತದೆ. ಡ್ರಿಲ್ ಮಾಸ್ತರನಾಗಿ ಹುಡುಗರನ್ನು ಸಾಲಾಗಿ ನಿಲ್ಲಿಸಿ, ನಿವೃತ್ತನಾದ ಮೇಲೆ ಮನೆಯವರ ಚಪ್ಪಲಿಗಳನ್ನು ಸಾಲಾಗಿ ನಿಲ್ಲಿಸುತ್ತಿರುವ ನನಗೆ ಇದು ಸಹಿಸುವ ಗುಣವಲ್ಲ. ಅದರಲ್ಲೂ ಆ ಕ್ಯಾಸೆಟ್ಟಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುತ್ತಿದ್ದದ್ದು ನನ್ನದೇ ಕೆಮ್ಮು.

ಹಾಡಿದವಳು ನನ್ನ ತಮ್ಮನ ಮಗಳು ವಿಮಲಾ. ಧಾರವಾಡದ ಹಿರಿಯ ಗಾಯಕರೊಬ್ಬರಲ್ಲಿ ಕಲಿಯಬೇಕೆಂಬುದು ಅವಳ ಒಂದೇ ಆಸೆ. ಮೊದಲು ಒಂದು ಕ್ಯಾಸೆಟ್ ತಂದು ಕೇಳಿಸಿ, ಆಮೇಲೆ ನೋಡೋಣ ಎಂದು ಅವರು ಹೇಳಿದ್ದರು. ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಅವಳು ಹಾಡಿದಳು. ಬಟ್ಟೆ ಅಂಗಡಿಯ ಕೊಟ್ರಪ್ಪ ತಬಲಾ ನುಡಿಸಿದ. ನಿಧಾನಗತಿಯ ವಿಲಂಬಿತದ ನಡುವೆ ಅವಳು ಒಂದು ಸ್ವರವನ್ನು ಹಿಡಿದು ನಿಂತಾಗ ನಾನು ಕೆಮ್ಮಿದೆ. ಇನ್ನೊಮ್ಮೆ ಹಾಡಿಸೋಣವೆಂದರೆ ನನ್ನ ಕೆಮ್ಮು ಅವಳಿಗೂ ಅಂಟಿ ದನಿಯೇ ಬಿದ್ದುಹೋಗಿತ್ತು. ತಮ್ಮನೋ, ಧಾರವಾಡಕ್ಕೆ ಹೊರಟು ನಿಂತಿದ್ದ.

ವಿಮಲಾ, ಕೊಟ್ರಪ್ಪ, ನಾನು ಹಗರಿಬೊಮ್ಮನಹಳ್ಳಿಯ ರೇಡಿಯೋ ರಿಪೇರಿ ರಹಮತ್ ಸಾಬರ ಅಂಗಡಿಗೆ ಕೆಮ್ಮು ತೆಗೆಸಲು ಹೋದೆವು. ಸಾಬರು ಕೆಮ್ಮನ್ನು ಕೇಳಿ ತಲೆದೂಗಿದರು.

"ಮಾಸ್ತರ, ಬ್ಲೇಡ್ ಐತಿ, ಬಟನ್ನೂ ಐತಿ. ಬ್ಲೇಡಿನ್ಯಾಗ ಟೇಪು ಕೊಯ್ದು ಅಂಟಿಸ್ತೀನಿ. ಇಲ್ಲಾಂದ್ರ ಈ ಮಷಿನ್ನಿನಿಂದ ಆ ಮಷಿನ್ನಿಗೆ ಇಳಿಸಿಕೋತ, ಕೆಮ್ಮು ಬಂದಾಗ ಆ ಮಷಿನ್ನಿನ ಬಟನ್ ಒತ್ತಿ ನಿಲ್ಲಿಸ್ತೀನಿ. ಯಾವುದು ಹೇಳ್ರಿ?"

ನನಗೆ ಬ್ಲೇಡು ಹಿಡಿಸಿತು. ತಪ್ಪು ಮಾಡಿದವನನ್ನು ಸಾಲಿನಿಂದ ಹೊರಗೆಳೆದಷ್ಟು ಚೊಕ್ಕ. "ಕೊಯ್ದಿದ್ದು ಮತ್ತ ಕೂಡಂಗಿಲ್ರಿ" ಎಂದು ಕೊಟ್ರಪ್ಪ ಹೆದರಿಸಿದ್ದರಿಂದ ಬಟನ್ನಿಗೆ ಒಪ್ಪಿದೆ. ಹೊಸ ಕ್ಯಾಸೆಟ್ಟು ಸಿದ್ಧವಾಯಿತು. ಹಾಕಿ ಕೇಳಿದೆವು. ಕೆಮ್ಮಿನ ಸುಳಿವಿಲ್ಲ. ನಾನು ಮೀಸೆಯಡಿ ನಗುತ್ತಿರುವಾಗ, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೊಟ್ರಪ್ಪನ ಕೈ ನಿಂತಿತು.

"ನನ್ನ ಒಂದು ಮಾತ್ರಿ ಎಲ್ಲಿ ಹೋತ್ರೀ?"

"ಮಾತ್ರಿ ಈಗ ಕೇಳಿದ್ರ ಹೆಂಗ? ಹಾಡಿಗಿಂತ ಮೊದ್ಲ ಮಾಸ್ತರಿಗೆ ನುಂಗಿಸಬೇಕಿತ್ತು" ಎಂದರು ಸಾಬರು.

"ನಗಬ್ಯಾಡ್ರಿ. ಇದನ್ನ ಕೇಳಿದೋರು ನಾನು ತಾಳ ತಪ್ಪೀನಿ ಅಂತಾರ. ಇಲ್ಲಾ ಹುಡುಗಿ ತಪ್ಪ್ಯಾಳ ಅಂತಾರ."

ನಮ್ಮ ಭಾಷೆ ಜಿಪುಣ. ಛಂದಸ್ಸಿನವರು ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸುವುದೂ ಮಾತ್ರೆ, ತಬಲದವರು ತಾಳದಲ್ಲಿ ಎಣಿಸುವುದೂ ಮಾತ್ರೆ, ವೈದ್ಯರು ಕೊಡುವುದೂ ಮಾತ್ರೆ. ವೈದ್ಯರದನ್ನು ನಾನು ತೆಗೆದುಕೊಳ್ಳದೆ ಹೋದದ್ದಕ್ಕೆ ಕೊಟ್ರಪ್ಪನದು ಕೆಮ್ಮಿನ ಜೊತೆಗೇ ಹಾರಿಹೋಗಿತ್ತು. ಹಾಗಾದರೆ ಸಮದಿಂದ ಸಮಕ್ಕೆ ತಾಳದ ಒಂದು ಸುತ್ತನ್ನು, ಇಡೀ ಆವರ್ತನವನ್ನೇ ತೆಗೆದುಬಿಡಿ ಎಂದೆ. ವಿಮಲಾ ಬಿದ್ದುಹೋದ ದನಿಯಲ್ಲೇ ತಡೆದಳು.

"ಬ್ಯಾಡ ದೊಡ್ಡಪ್ಪ. ಆ ಒಂದು ಸ್ವರ ನನಗ ದಿನಾ ಸಿಗೂದಿಲ್ಲ. ಕೆಮ್ಮು ಇದ್ರ ಇರ್ಲಿ, ಮೊದಲಿನ ಕ್ಯಾಸೆಟ್ಟೇ ಹೋಗ್ಲಿ."

ಅದೇ ಧಾರವಾಡಕ್ಕೆ ಹೋಯಿತು. ತಮ್ಮ ತಿರುಗಿ ಬರುವತನಕ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಬಂದವನೇ ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟು ಒಳಗೆ ನಡೆದ. ಅಂದು ಮಾತ್ರ ನಾನು ಅವನ್ನು ಮುಟ್ಟಲಿಲ್ಲ.

"ಅಣ್ಣಾ, ಪೂರ್ತಿ ಕೇಳಿದ್ರು. 'ಮಗ್ಗುಲಾಗ ಅಷ್ಟು ಜೋರು ಕೆಮ್ಮಿದ್ರೂ ಹುಡುಗಿ ಸ್ವರ ಅಲ್ಲಾಡಿಲ್ಲ, ತಾಳ ಬಿಟ್ಟಿಲ್ಲ. ಕಳಿಸ್ರಿ' ಅಂದ್ರು."

ಮೊನ್ನೆ ರಜೆಗೆ ಬಂದ ವಿಮಲಾ ಪಡಸಾಲೆಯಲ್ಲಿ ತಂಬೂರಿ ಹಿಡಿದು ಕೂತಿದ್ದಳು. ನನಗೆ ಗಂಟಲು ಕೆರೆಯಿತು. ಮೆಲ್ಲಗೆ ಎದ್ದು ಹೊರಗೆ ಹೊರಟರೆ ತಮ್ಮನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಎಲ್ಲಿ ಹೊಂಟ್ರಿ ಬಾವಾರ? ಅಲ್ಲೇ ಕುಂತು ಕೆಮ್ರಿ. ನಾಳೆ ಮಂದಿ ಮುಂದ ಹಾಡಾಕಿ, ರೂಢಿ ಆಗ್ಲಿ."

ಕೂತೆ. ಅಪ್ಪಣೆ ಸಿಕ್ಕ ಮೇಲೆ ಕೆಮ್ಮು ಬರಲೇ ಇಲ್ಲ.